ಮೂರನೆಯ ಬರೆ

"ಇವು ಏನ್ರಿ ಇವು?" ಎಂದು ಕೇಳಿದ ಡಾಕ್ಟರ ಬೆರಳು ಲಗಮವ್ವನ ಹೊಕ್ಕುಳಿನ ಕೆಳಗೆ ನಿಂತಿತ್ತು. ಅಲ್ಲಿ ಒಂದರ ಕೆಳಗೊಂದು ಮೂರು ಗುರುತು. ಎರಡು ಹುಣಸೆ ಬೀಜದಷ್ಟಿದ್ದವು. ಮೂರನೆಯದು ಉದ್ದ, ಅಗಲ. ಅಲ್ಲಿನ ಚರ್ಮ ಬೆಳ್ಳಗಾಗಿ, ಕಾಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು.

ಲಗಮವ್ವ ಮೇಲೆ ತಿರುಗದೆ ನಿಂತಿದ್ದ ಫ್ಯಾನು ನೋಡಿದಳು. ಪರದೆಯ ಬದಿಗೆ ನಿಂತಿದ್ದ ಅವಳ ಗಂಡ ಮಾಳಿಂಗರಾಯ ಒಂದು ಹೆಜ್ಜೆ ಮುಂದೆ ಬಂದ. ಯಾರಾದರೂ ಏನಾದರೂ ಕೇಳಿದಾಗ ಸುಮ್ಮನಿರುವುದು ಅವನಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

"ಅದೊಂದ ದೊಡ್ಡ ಕತಿ ಐತ್ರಿ ಬಾಯಾರ," ಅಂದ. "ತುಬಚ್ಯಾಗ ಹೊಳಿ ನೀರ ಮ್ಯಾಲ ಎತ್ತಾಕ ಪೈಪ ಕೂಡಸಾಕತ್ತಿದ್ರು. ಪೈಪ ಅಂದ್ರ ಒಳಗ ಬಸ್ಸ ಹೋಗೂವಂಥಾವು. ನಾನೂ ಇಕಿ ಕುರಿ ಹೊಡಕೊಂಡ ಹೊಂಟಿದ್ವಿ. ಆ ವೆಲ್ಡಿಂಗ ಮಾಡೂ ಮನಷ್ಯಾ ಒಂದ ಸಲ ಸೀನಿದಾ ನೋಡ್ರಿ, ಕಿಡಿ ಹಾರಿದ್ವು. ಅರ್ಧಾ ಮೈಲ ಹಾರಿ ಬಂದು ಇಕಿ ಹೊಟ್ಟಿಮ್ಯಾಲ ಸಾಲಾಗಿ ಕುಂತ್ವು."

"ಸೀರಿ ಸುಡಲಿಲ್ಲೇನ್ರಿ ಕಾಕಾ?" ನರ್ಸ್ ಮಾದೇವಿ ಕೇಳಿದಳು. ಅವಳು ಮುಧೋಳದವಳು, ಒಂದು ವಾರದಿಂದ ಅವನ ಮಾತು ಕೇಳಿ ಕೇಳಿ ರುಚಿ ಹತ್ತಿತ್ತು.

"ಅದ ನೋಡವಾ ಮಜಾ. ಇಲಕಲ್ಲ ಸೀರಿ. ಕಿಡಿ ತೂರಿ ಹೋದ್ರೂ ಒಂದ ಎಳಿ ಕರ್ರಗಾಗಲಿಲ್ಲ."

ಮಾದೇವಿ ನಕ್ಕಳು. ಡಾಕ್ಟರ್ ಮಂಗಲಾ ನಗಲಿಲ್ಲ. ಜಮಖಂಡಿಯಲ್ಲಿ ಹುಟ್ಟಿ ಬೆಳೆದ ಆಕೆಗೆ ಮಿರಜಿನ ಈ ದವಾಖಾನೆಗೆ ಬರುವ ಕನ್ನಡದ ರೋಗಿಗಳನ್ನೆಲ್ಲ ಒಪ್ಪಿಸಿದ್ದರು. ಕುರ್ಚಿ ಎಳೆದುಕೊಂಡು ಕೂತು, ಇಬ್ಬರಿಗೂ ತಿಳಿಯುವ ಹಾಗೆ ನಿಧಾನ ಹೇಳಿದರು.

"ನೋಡ್ರಿ, ಅವ್ವಾರ ಗಂಟು ಭಾಳ ಒಳಗ ಐತಿ. ಬರೇ ಕರೆಂಟ, ಅಂದ್ರ ರೇಡಿಯೇಶನ್, ಕೊಟ್ರ ಪೂರಾ ಹೋಗೂದು ಕಷ್ಟ. ಅದಕ್ಕ ವಾರಕ್ಕೊಂದ ಸಲ, ಒಂದ ತಾಸು, ಆ ಜಾಗಾ ಮಶೀನಿನ್ಯಾಗ ಕಾಯಸ್ತೀವಿ. ಕಾದ ಗಂಟು ಸೊರಗತೈತಿ, ಆಗ ಕರೆಂಟ ಛಲೋ ಹತ್ತತೈತಿ. ಮ್ಯಾಲ ಚರ್ಮಕ್ಕ ನೀರಿನ ಚೀಲ ಇಟ್ಟಿರತೀವಿ. ಒಳಗ ಬಿಸಿ, ಮ್ಯಾಲ ತಂಪು."

"ತಿಳೀತ್ರಿ."

"ಇನ್ನೊಂದ ಕೇಳ್ರಿ. ಹಳೇ ಸುಟ್ಟ ಗುರುತ ಇದ್ದಲ್ಲಿ ರಕ್ತ ಸರಿಯಾಗಿ ಆಡಂಗಿಲ್ಲ. ಬಿಸಿ ಅಲ್ಲೇ ನಿಂತಬಿಡತೈತಿ. ಅವ್ವಾರಿಗೆ ಅಲ್ಲಿ ಬಿಸಿ ಗೊತ್ತಾದ್ರ ಬಾಯಿಬಿಟ್ಟ ಹೇಳ್ತಾರ, ನಾವು ಕಡಿಮಿ ಮಾಡ್ತೀವಿ. ಗೊತ್ತ ಆಗಲಿಲ್ಲಂದ್ರ ಒಳಗ ಮಾಂಸ ಬೆಂದ ಹೋಗತೈತಿ. ಅದಕ್ಕ ಕೇಳಾಕತ್ತೇನಿ. ಅಲ್ಲಿ ಮುಟ್ಟಿದ್ರ ಗೊತ್ತಾಕ್ಕೈತೋ ಇಲ್ಲೋ?"

ಹೊರಗೆ ಇನ್ನೂ ಹನ್ನೆರಡು ಮಂದಿ ಕಾಯುತ್ತಿದ್ದರು. ಪರೀಕ್ಷೆಯನ್ನು ಮಾದೇವಿಗೆ ಒಪ್ಪಿಸಿ ಡಾಕ್ಟರು ಎದ್ದು ಹೋದರು. ಮಾದೇವಿ ಹತ್ತಿಯ ತುಂಡು ಹಿಡಿದು, "ಕಣ್ಣ ಮುಚ್ರಿ ಯವ್ವಾ. ಹತ್ತಿದ್ದ ಗೊತ್ತಾತು?" ಅಂದಳು. ಲಗಮವ್ವ ಹೂಂ ಅಂದಳು. "ಇಲ್ಲಿ?" ಹೂಂ. "ಇಲ್ಲಿ?" ಅದಕ್ಕೂ ಹೂಂ. ಮಾದೇವಿ ಹಾಳೆಯಲ್ಲಿ ಮೂರು ಗೆರೆ ಎಳೆದಳು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬರಬೇಕೆಂದು ಹೇಳಿ, ಕಾಲುಂಗುರ, ತಾಳಿ, ಬಳೆ, ಮೈಮೇಲೆ ಲೋಹದ್ದು ಏನೂ ಇರಬಾರದೆಂದೂ ಹೇಳಿದಳು.

ಲಗಮವ್ವ ಹೂಂ ಅಂದದ್ದಕ್ಕೆ ಕಾರಣವಿತ್ತು. ಅದೇ ವಾರ ಬೀಳಗಿ ಕಡೆಯ ಒಬ್ಬ ಹೆಂಗಸಿಗೆ, ಮುರಿದ ತೊಡೆಯಲ್ಲಿ ರಾಡು ಇದೆಯೆಂದು ಬಿಸಿಯ ಚಿಕಿತ್ಸೆ ಬೇಡವೆಂದಿದ್ದರು. ಆಕೆ ಗೋಡೆಗೆ ಆನಿಕೊಂಡು, ಎಲ್ಲರಿಗೂ ಪೂರಾ ಔಷಧ, ನನಗೊಬ್ಬಾಕಿಗೆ ಅರ್ಧ, ಎಂದು ಅಳುವಾಗ ಚಹಾ ತಂದುಕೊಟ್ಟವಳು ಲಗಮವ್ವನೇ.

ಮಾಳಿಂಗರಾಯ ವೆಲ್ಡಿಂಗಿನ ಕತೆ ಹೇಳಿದ್ದಕ್ಕೂ ಕಾರಣವಿತ್ತು. ಆ ಮೂರೂ ಬರೆ ಅವನೇ ಹಾಕಿದ್ದು.

ಚಿಮ್ಮಡದಲ್ಲಿ ಮಾಳಿಂಗರಾಯನ ಮನೆತನ ಬೀರೇಶ್ವರನ ಒಕ್ಕಲು. ಕುರಿ ಕಾಯುವುದರ ಜೊತೆಗೆ ಬರೆ ಕೊಡುವ ಕೈಗುಣ ಅಪ್ಪನಿಂದ ಅವನಿಗೆ ಬಂದಿತ್ತು. ಕುರಿಗೆ ಕಾಲು ಹಿಡಿದರೆ, ದನಕ್ಕೆ ಗಂಟಲು ಬಾತರೆ, ಕೂಸಿಗೆ ಹೊಟ್ಟೆ ಉಬ್ಬಿದರೆ, ಯಾರಿಗಾದರೂ ಕಾಮಾಲೆ ಆದರೆ, ಜನ ಅವನ ಅಂಗಳಕ್ಕೆ ಬರುತ್ತಿದ್ದರು. ಅವನು ಕಬ್ಬಿಣದ ಸಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕಾಸಿ, ದೇವರ ಭಂಡಾರದ ಅರಿಶಿನ ಹಚ್ಚಿ, ಬಾಯಲ್ಲಿ ಒಂದು ಕತೆ ಶುರು ಮಾಡುತ್ತಿದ್ದ. ಕತೆ ನಗುವ ಜಾಗಕ್ಕೆ ಬಂದಾಗ ಸಳಿ ಚರ್ಮಕ್ಕೆ ಹತ್ತಿರುತ್ತಿತ್ತು. ನಗುತ್ತ ನಗುತ್ತ ಕೂಗಿದವರ ಲೆಕ್ಕ ಅವನಿಗೇ ತಿಳಿಯದು.

ಹೋದ ದೀಪಾವಳಿ ಮುಂದೆ ಲಗಮವ್ವ, ಮುಟ್ಟು ನಿಂತು ಆರು ವರ್ಷದ ಮೇಲೆ ಮತ್ತೆ ರಕ್ತ ಕಾಣುತ್ತಿದೆ, ಕಿಬ್ಬೊಟ್ಟೆ ಹಿಂಡುತ್ತದೆ ಎಂದಿದ್ದಳು. ಅವನು ಒಂದು ಬರೆ ಕೊಟ್ಟ. ಮುಂದಿನ ಅಮಾವಾಸ್ಯೆಗೆ ಇನ್ನೊಂದು. ಯುಗಾದಿಗೆ ಮೂರನೆಯದು. ಜಮಖಂಡಿಗೆ ಕೊಟ್ಟಿದ್ದ ಮಗಳು ಭಾಗ್ಯಾ ಬಂದು ಅವ್ವನ ಮುಖ ನೋಡಿ, ಅಪ್ಪನನ್ನು ಕೇಳದೆ ಡಾಕ್ಟರ ಹತ್ತಿರ ಕರೆದೊಯ್ಯುವ ಹೊತ್ತಿಗೆ ಜೋಳ ರಾಶಿಯಾಗಿ ಹಗೇವು ಸೇರಿತ್ತು.

ಶುಕ್ರವಾರ ಸಂಜೆ ಊರಿಗೆ ಹೊರಟ ಬಸ್ಸಿನಲ್ಲಿ ಲಗಮವ್ವ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಮಾಳಿಂಗರಾಯನಿಗೆ ಹೊಟ್ಟೆಯಲ್ಲಿ ಒಂದು ಖುಷಿ ಕುಣಿಯುತ್ತಿತ್ತು. ಕಾಗವಾಡದವರೆಗೆ ತಡೆದುಕೊಂಡ, ಕುಡಚಿ ದಾಟಿದ ಮೇಲೆ ಆಗಲಿಲ್ಲ. ಪಕ್ಕದ ಸೀಟಿನವನಿಗೆ ಹೇಳಿದ, ಅವನು ತೇರದಾಳದಲ್ಲಿ ಇಳಿದ ಮೇಲೆ ಕಂಡಕ್ಟರನಿಗೆ ಹೇಳಿದ.

"ನಲವತ್ತ ವರ್ಷದಿಂದ ನಾ ಮಾಡಾಕತ್ತಿದ್ದ ಅದ. ಬಿಸಿ. ಈಗ ಡಾಕ್ಟರಿಗೆ ತಿಳದೈತಿ. ಅವರು ಮಶೀನ ತರಸ್ಯಾರ, ನಮ್ಮೂರ ನೀರಿನ ಟಾಕಿ ಅಷ್ಟ ಐತಿ. ಒಳಗ ಹೊಕ್ಕಾಕಿ ಹೊರಗ ಬರೂದ್ರಾಗ ಹತ್ತ ವರ್ಷ ಸಣ್ಣಾಕಿ ಆಗಿರತಾಳ. ನನ್ನ ಕರದು ಕೇಳಿದ್ರು, ಮಾಳಿಂಗರಾಯರ, ಸಳಿ ಎಷ್ಟ ಕಾಸತಿದ್ರಿ ಅಂತ. ನಾ ಹೇಳಲಿಲ್ಲ. ಮನಿತನದ ವಿದ್ಯಾ."

"ಹೇಳಬಾರದಿತ್ತೇನೋ ಮಾರಾಯಾ, ಫಾರಿನಿಗೆ ಕರಕೊಂಡ ಹೋಗತಿದ್ರು," ಅಂದ ಕಂಡಕ್ಟರ.

"ಕುರಿ ಯಾರ ನೋಡಕೋಬೇಕು?"

ಶನಿವಾರ ಮಧ್ಯಾಹ್ನದೊಳಗೆ ಚಿಮ್ಮಡಕ್ಕೆಲ್ಲ ಗೊತ್ತಾಗಿತ್ತು. ಸಂಜೆಗೆ ಮಾತು ಬನಹಟ್ಟಿಯ ಮಗ್ಗಗಳ ಸದ್ದನ್ನೂ ದಾಟಿಕೊಂಡು ನೇಕಾರರ ಓಣಿಗೆ ಹೋಗಿತ್ತು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಒಂದು ಆಟೋ ನಿಂತಿತು. ಬನಹಟ್ಟಿಯ ಪವರ್‌ಲೂಮಿನ ಪ್ರಭುಲಿಂಗ ತನ್ನ ತಾಯಿ ಭಾಗವ್ವನ ರಟ್ಟೆ ಹಿಡಿದು ಇಳಿಸಿದ. ಅರವತ್ತು ದಾಟಿದ ಹೆಂಗಸು, ಬಲಗಡೆ ಪಕ್ಕೆಯ ಕೆಳಗೆ ಕೈ ಒತ್ತಿಕೊಂಡೇ ನಡೆಯುತ್ತಿದ್ದಳು. ಅಲ್ಲೇನೋ ಗಟ್ಟಿ ಸಿಗುತ್ತದೆ, ಉಂಡದ್ದು ನಿಲ್ಲುವುದಿಲ್ಲ, ಎರಡು ತಿಂಗಳಾಯಿತು ಎಂದು ಮಗ ಹೇಳಿದ.

"ಡಾಕ್ಟರಿಗೆ ತೋರಸಿದ್ರೇನು?" ಮಾಳಿಂಗರಾಯ ಕೇಳಿದ.

"ತೋರಸಿದ್ವಿ. ಸ್ಕ್ಯಾನ ಮಾಡಸ್ರಿ, ಬೆಳಗಾಂವಿಗೆ ಹೋಗ್ರಿ ಅಂದ್ರು. ಅಷ್ಟರಾಗ ನಿನ್ನ ಸುದ್ದಿ ಕೇಳಿದ್ವಿ ಕಾಕಾ. ಮಿರಜ್ಯಾಗೂ ಕಾಸೇ ನೆಟ್ಟಗ ಮಾಡ್ತಾರಂತಲ್ಲ. ಅಷ್ಟ ದೂರ ಯಾಕ, ಗುರು ಇಲ್ಲೇ ಕುಂತಾನ ಅಂತ ಬಂದ್ವಿ."

ಗುರು ಅನ್ನಿಸಿಕೊಂಡವನು ಎದ್ದು ಧೋತರ ಕೊಡವಿದ. ಕುಳ್ಳು ಜೋಡಿಸಿದ, ಬೆಂಕಿ ಹಚ್ಚಿದ, ಸಳಿಯ ತುದಿಯನ್ನು ಕೆಂಡದೊಳಗೆ ಇಳಿಬಿಟ್ಟ. ಲಗಮವ್ವ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಅಲಸಂದಿ ಆರಿಸುತ್ತಿದ್ದಳು. ಭಾಗವ್ವ ಸೆರಗು ಸರಿಸಿ ಕಂಬಳಿಯ ಮೇಲೆ ಮಲಗಿದಳು. ಮಾಳಿಂಗರಾಯ ಅವಳ ಪಕ್ಕೆಗೆ ಅರಿಶಿನ ಹಚ್ಚಿ, ಕತೆ ಶುರು ಮಾಡಿದ. ಅವನ ಅಜ್ಜ ಒಂದು ಟಗರಿಗೆ ಬರೆ ಕೊಟ್ಟನಂತೆ. ಆ ಟಗರು ಮುಧೋಳದ ಸಂಸ್ಥಾನದವರ ಬೇಟೆ ನಾಯಿಯನ್ನು ಅಟ್ಟಿಸಿಕೊಂಡು ಹೋಯಿತಂತೆ. ನಾಯಿ ಓಡಿ ಓಡಿ ಬೇಸತ್ತು ಘಟಪ್ರಭೆಯ ಆಚೆ ದಂಡೆಗೆ ಹೋಗಿ ಸಂಸಾರ ಹೂಡಿತಂತೆ.

"ನಾಯಿ ಹೆಂಡತಿ ಯಾವ ಊರಾಕಿ?" ಭಾಗವ್ವ ಮಲಗಿದಲ್ಲಿಂದಲೇ ಕೇಳಿದಳು. ಬಾಯಿ ನಗುತ್ತಿದ್ದರೂ ಹಣೆಯ ಮೇಲೆ ಬೆವರಿತ್ತು. "ಭಾಳ ಉರಿತೈತೇನೋ ತಮ್ಮಾ?"

"ಒಂಬತ್ತ ದಿನಾ ಉರಿತೈತಿ ನೋಡಕ್ಕಾ. ಆಮ್ಯಾಲ ಐತಿ ಮಜಾ. ಆ ಜಾಗಾದಾಗ ಇರುವಿ ಕಡೀಲಿ, ಚೇಳ ಕಡೀಲಿ, ನಿನಗ ಗೊತ್ತಾಗಂಗಿಲ್ಲ. ಸಾಯೂತನಕ ಗೊತ್ತಾಗಂಗಿಲ್ಲ."

ನಲವತ್ತು ವರ್ಷದಿಂದ, ಸಳಿ ಚರ್ಮಕ್ಕೆ ಹಚ್ಚುವ ಮುಂಚೆ, ಅವನು ಹೇಳುತ್ತ ಬಂದ ಮಾತು ಅದು. ಅವನು ಆಡುವ ಮಾತುಗಳಲ್ಲಿ ಒಂದಿಷ್ಟೂ ಬಣ್ಣ ಹಚ್ಚದ್ದು ಅದೊಂದೇ. ಬರೆ ಬಿದ್ದ ಕುರಿಯ ಚರ್ಮದ ಮೇಲೆ ಉಣ್ಣಿ ಹುಳ ಹತ್ತಿ ರಕ್ತ ಹೀರಿ ದಪ್ಪಗಾದರೂ ಕುರಿ ಮೈ ಕೊಡವುವುದಿಲ್ಲ. ಇದು ಅವನು ಕಣ್ಣಾರೆ ನೋಡಿದ್ದು, ಕೈಯಾರೆ ಕಿತ್ತದ್ದು.

ಮಾತು ಮುಗಿದ ಮೇಲೂ ಅವನ ಬಾಯಿ ತುಸು ತೆರೆದೇ ಇತ್ತು. ಹೊಸ್ತಿಲ ಕಡೆ ತಿರುಗಿದ. ಲಗಮವ್ವ ಆರಿಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಅವನು ನೋಡಿದ ಕೂಡಲೇ ಮೊರ ಕುಲುಕಿ ಕಾಳಿನೊಳಗೆ ಕಣ್ಣು ನೆಟ್ಟಳು.

"ಕಾಕಾ, ಸಳಿ," ಅಂದ ಪ್ರಭುಲಿಂಗ.

ಕೆಂಡದಿಂದ ತೆಗೆದ ಸಳಿ ಅವನ ಕೈಯಲ್ಲೇ ಇತ್ತು. ಕೆಂಪು ಇಳಿದು ಕಪ್ಪಾಗಿತ್ತು.

"ಆರಿತು," ಅಂದ ಮಾಳಿಂಗರಾಯ.

"ಮತ್ತ ಕಾಸು. ಕುಳ್ಳ ಇನ್ನೂ ಉರಿಯಾಕತ್ತೈತಿ."

"ಇವತ್ತ ಬ್ಯಾಡ. ಏಳಕ್ಕಾ, ಸೀರಿ ಸರಿ ಮಾಡ್ಕೋ."

"ಆಟೋ ಮಾಡಕೊಂಡ ಬಂದೀವಿ. ಲೂಮ ನಿಂದರಿಸಿ ಬಂದೀನಿ. ಡಾಕ್ಟರ ನಿನ್ನ ಕಾಲ ಹಿಡದ್ರು ಅಂತ ಊರೆಲ್ಲ ಹೇಳಿದಾವ ನೀನ ಅಲ್ಲೇನು?"

"ಹೇಳೀನಿ. ಅದು ಸುಳ್ಳು. ಅವ್ವನ್ನ ಬೆಳಗಾಂವಿಗೆ ಕರಕೊಂಡ ಹೋಗು. ಇಲ್ಲಾ ಜಮಖಂಡಿಗೆ ಹೋಗ್ರಿ, ನಮ್ಮ ಭಾಗ್ಯಾ ಅದಾಳ, ಯಾವ ದವಾಖಾನಿ ಅಂತ ಆಕಿ ತೋರಸ್ತಾಳ."

"ಸೊಕ್ಕ ಬಂದೈತಿ ನಿನಗ," ಅಂದ ಪ್ರಭುಲಿಂಗ. "ಮಿರಜ ನೋಡಿ ಬಂದ ಮ್ಯಾಲ ಬನಹಟ್ಟಿಯವರು ಕಣ್ಣಿಗೆ ಕಾಣವಲ್ರು."

ಭಾಗವ್ವ ಮಾತ್ರ ಲಗುಬಗೆಯಿಂದ ಎದ್ದಳು. ಹಚ್ಚಿದ ಅರಿಶಿನವನ್ನು ಒರೆಸಿಕೊಳ್ಳಲಿಲ್ಲ. ಆಟೋದಲ್ಲಿ ಕೂತ ಮೇಲೆ ತಲೆ ಹೊರಗೆ ಹಾಕಿ, "ಆ ನಾಯಿ ಕತಿ ಇನ್ನೊಮ್ಮಿ ಬಂದಾಗ ಹೇಳೋ ತಮ್ಮಾ," ಅಂದಳು.

ಆಟೋ ಹೋದ ಮೇಲೆ ಮಾಳಿಂಗರಾಯ ಹೊಸ್ತಿಲ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಮೊನ್ನಿ ಆ ನರ್ಸ ಮುಟ್ಟಿದಾಗ ನಿನಗ ಗೊತ್ತಾತೇನು?"

"ಗೊತ್ತಾತು."

"ಖರೆ ಹೇಳು."

"ನೀವ ಕೇಳ್ತೀರೇನು ಖರೆ?" ಲಗಮವ್ವ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಏನೂ ಗೊತ್ತಾಗಲಿಲ್ಲ. ಮ್ಯಾಲಿನ ಎರಡರಾಗ ಸ್ವಲ್ಪ ಜುಮ್ ಅಂದಂಗ ಆತು, ಅಷ್ಟ. ಕೆಳಗಿಂದ್ರಾಗ ಏನೂ ಇಲ್ಲ. ಅದು ನಂದ ಅಲ್ಲದಂಗ ಆಗೇತಿ."

"ಮತ್ತ ಹೂಂ ಯಾಕಂದಿ?"

"ಆ ಬೀಳಗಿಯಾಕಿನ್ನ ನೋಡಿಲ್ಲೇನು ನೀವು? ನನ್ನೂ ಹಂಗ ಹೊರಗ ಕೂಡಸ್ತಾರ. ಕರೆಂಟ ಒಂದರಿಂದ ಹೋಗೂದು ಕಷ್ಟ ಅಂತ ಆ ಬಾಯಾರ ಅಂದಾರಲ್ಲ." ಅವಳು ಮೊರ ಕೆಳಗಿಟ್ಟಳು. "ನಾ ಬದಕಬೇಕಂತೀನಿ. ಭಾಗ್ಯಾನ ಹೊಟ್ಟ್ಯಾಗ ಕೂಸೈತಿ. ನೋಡಬೇಕಂತೀನಿ. ಸ್ವಲ್ಪ ಬೆಂದ್ರ ಬೇಯಲಿ, ನನಗ ಗೊತ್ತ ಆಗಂಗಿಲ್ಲಲ್ಲ."

"ಒಳಗ ಮಾಂಸ ಬೇಯತೈತಿ ಅಂದಾರ. ಹುಣ್ಣ ಆದ್ರ ಕರೆಂಟೂ ನಿಂದರಸ್ತಾರ."

"ನೀವು ಸುಮ್ಮಕಿರ್ರಿ. ಇಷ್ಟ ವರ್ಷ ಯಾರಿಗೂ ಖರೆ ಹೇಳದಾವ್ರು, ಈಗೊಂದ ಶುರು ಮಾಡಬ್ಯಾಡ್ರಿ."

ಅವನು ಎದ್ದು ಹೋಗಿ ಕುಳ್ಳಿನ ಬೆಂಕಿಗೆ ನೀರು ಹಾಕಿದ. ಸೋಮವಾರ ಇಡೀ ದಿನ ತಮ್ಮನ ಕುರಿಹಟ್ಟಿಯಲ್ಲಿ ಕಳೆದ. ಅಲ್ಲಿ ಯಾರೋ ಮಶೀನಿನ ಸುದ್ದಿ ಕೇಳಿದರೆ, "ಇನ್ನೂ ನೋಡಿಲ್ಲ," ಅಂದ. ಕೇಳಿದವರು ಇದರಲ್ಲಿ ಏನೋ ಮಜಾ ಇರಬೇಕೆಂದು ಬಹಳ ಹೊತ್ತು ಕಾದು ಕೂತರು.

ಮಂಗಳವಾರ ಮಿರಜಿನಲ್ಲಿ ಆ ಕೋಣೆಯ ಬಾಗಿಲು ತೆರೆದಾಗ ತಣ್ಣನೆ ಗಾಳಿ ಬಂತು. ಮಶೀನು ನೀರಿನ ಟಾಕಿಯಷ್ಟೇನೂ ಇರಲಿಲ್ಲ. ಬಾವಿಗೆ ಇಳಿಸುವ ಸಿಮೆಂಟಿನ ರಿಂಗಿನಷ್ಟಿತ್ತು, ಅದರ ನಡುವೆ ಒಂದು ಹಾಸಿಗೆ. ರಿಂಗಿನ ಒಳಮೈಗೆ ನೀರು ತುಂಬಿದ ಪಾರದರ್ಶಕ ಚೀಲ. ಲಗಮವ್ವ ಆಗಲೇ ದವಾಖಾನೆಯ ಹಸಿರು ನಿಲುವಂಗಿ ತೊಟ್ಟು ಮಲಗಿದ್ದಳು. ತಾಳಿ, ಕಾಲುಂಗುರ ಗಂಟು ಕಟ್ಟಿ ಮಾಳಿಂಗರಾಯನ ಕೈಗೆ ಕೊಟ್ಟಾಗಿತ್ತು. ಮಾದೇವಿ ಹಾಸಿಗೆಯನ್ನು ಒಳಗೆ ತಳ್ಳಲು ಹಿಡಿಕೆಗೆ ಕೈ ಹಾಕಿದಳು.

"ಬಾಯಾರ," ಅಂದ ಮಾಳಿಂಗರಾಯ. "ಆ ಗುರುತ ವೆಲ್ಡಿಂಗಿನಾವಲ್ರಿ. ನಾ ಬರಿ ಕೊಟ್ಟಾವು. ಅಲ್ಲಿ ಆಕಿಗೆ ಏನೂ ಗೊತ್ತಾಗಂಗಿಲ್ರಿ."

ಡಾಕ್ಟರ್ ಮಂಗಲಾ ಕೈಯಲ್ಲಿದ್ದ ಹಾಳೆಯಿಂದ ತಲೆ ಎತ್ತಿದರು. "ಮೊನ್ನಿ ವೆಲ್ಡಿಂಗ ಅಂದ್ರಿ. ಮಾದೇವಿಗೆ ಆಮ್ಯಾಲ ಸಿಡಲ ಬಡದದ್ದು ಅಂದಿರಂತ. ಇವತ್ತ ಬರಿ. ನಾಳಿ ಏನಂತೀರಿ?"

"ಇದು ಖರೆ ಐತ್ರಿ."

"ಅವರ ಮಾತ ಕೇಳಬ್ಯಾಡ್ರಿ," ಲಗಮವ್ವ ಮಲಗಿದಲ್ಲಿಂದ ಅಂದಳು. ದನಿ ಗಟ್ಟಿಯಾಗಿತ್ತು. "ಸುಳ್ಳ ಹೇಳೂದು ಅವರ ಚಾಳಿ. ಚಿಮ್ಮಡದಾಗ ಯಾರನ್ನರೆ ಕೇಳ್ರಿ. ನನಗ ಎಲ್ಲಾ ಗೊತ್ತಾಕ್ಕೈತಿ. ನೀವು ಚಾಲೂ ಮಾಡ್ರಿ."

ಮಾದೇವಿ ತನ್ನ ಹಾಳೆ ತೋರಿಸಿದಳು. ಮೂರು ಗೆರೆಗಳು ಇದ್ದವು. ಡಾಕ್ಟರು ಗಂಡನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಗಡಿಯಾರವನ್ನೂ ನೋಡಿದರು.

"ಆಕಿ ಕಣ್ಣ ಮುಚ್ಚಲಿ," ಅಂದ ಮಾಳಿಂಗರಾಯ. "ನಾ ಬೆರಳ ಇಡತೀನಿ. ಒಂದ ಸಲ ನೋಡ್ರಿ. ಆಮ್ಯಾಲ ನಿಮ್ಮ ಖುಷಿ."

ಲಗಮವ್ವ ಕಣ್ಣು ಮುಚ್ಚಿದಳು. ಅವನು ಕೈ ಚಾಚಿದ. ತೋರುಬೆರಳು ಮೊದಲ ಗುರುತಿನ ಮೇಲೆ ಬಂದು, ಚರ್ಮಕ್ಕೆ ತಾಕದೆ ಒಂದು ಗೇಣು ಮೇಲೆಯೇ ನಿಂತಿತು.

"ಹತ್ತೇತಿ?"

"ಹೂಂ."

ಬೆರಳು ಗಾಳಿಯಲ್ಲೇ ಮೂರನೆಯದರ ಮೇಲೆ ಸರಿಯಿತು.

"ಈಗ?"

"ಅದೂ ಹತ್ತೇತಿ," ಅಂದಳು ಲಗಮವ್ವ. ನಂಬಿಕೆ ಬರಲೆಂದು ಇನ್ನೊಂದು ಮಾತು ಸೇರಿಸಿದಳು: "ಬೆರಳ ಥಂಡ ಅದಾವು."

ಡಾಕ್ಟರು ಕೈಯಲ್ಲಿದ್ದ ಹಾಳೆಯನ್ನು ಹಾಸಿಗೆಯ ಅಂಚಿಗೆ ಟಪ್ಪೆಂದು ಇಟ್ಟರು. ಆ ಸದ್ದಿಗೆ ಅವಳು ಕಣ್ಣು ತೆರೆದಳು. ಗಂಡನ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ನೋಡಿ, ನಿಲುವಂಗಿಯನ್ನು ಕೆಳಗೆಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿದಳು.

"ಆತಲ್ಲ," ಅಂದಳು. "ಈಗ ಕಳಸ್ರಿ ನನ್ನ ಮನಿಗೆ."

"ಮನಿಗೆ ಅಂತ ಯಾರಂದ್ರು?" ಅಂದರು ಡಾಕ್ಟರು. "ಹೊರಗ ಕೂಡ್ರಿ. ನಾ ದೊಡ್ಡ ಡಾಕ್ಟರನ್ನ ಕೇಳಿ ಬರತೀನಿ."

ಹೊರಗಿನ ಬೆಂಚಿನ ಮೇಲೆ ಲಗಮವ್ವ ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಕೂತಳು. ಮಾಳಿಂಗರಾಯ ತಾಳಿಯ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಎದುರು ಬೆಂಚಿನ ಧರೆಪ್ಪ, ಗಂಟಲಿಗೆ ಕರೆಂಟು ಕೊಡಿಸಿಕೊಳ್ಳುತ್ತಿದ್ದ ರಬಕವಿಯ ಮುದುಕ, ಪಿಸುದನಿಯಲ್ಲಿ ಕೇಳಿದ: "ಏನೋ ಮಾಳಿಂಗಾ, ಇವತ್ತ ಬಾಯಿ ಬಂದ್ ಐತಿ. ಒಂದ ಹೇಳಬಾರದ?" ಮಾಳಿಂಗರಾಯ ತಲೆ ಅಲ್ಲಾಡಿಸಿದ. ಧರೆಪ್ಪ ಸ್ವಲ್ಪ ಹೊತ್ತು ಕಾದು, ಟವೆಲ್ಲು ಮುಖದ ಮೇಲೆಳೆದುಕೊಂಡು ಒರಗಿದ. ಲಗಮವ್ವ ಗಂಡನ ಕಡೆ ತಿರುಗಲಿಲ್ಲ.

ಮುಕ್ಕಾಲು ತಾಸಿನ ಮೇಲೆ ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು. ಮೊದಲು ಲಗಮವ್ವನ ಹೊಟ್ಟೆಯ ಮೇಲೆ ಜೆಲ್ಲಿ ಹಚ್ಚಿ ಸ್ಕ್ಯಾನ್ ಮಾಡಿದರು. ಆಮೇಲೆ ಪೆನ್ನು ಹಿಡಿದು ಮಾಳಿಂಗರಾಯನ ಎದುರು ಕೂತರು.

"ಕೇಳಿದ್ದಕ್ಕಷ್ಟ ಹೇಳ್ರಿ. ಸಳಿ ಎಷ್ಟ ದಪ್ಪ ಇತ್ತು?"

"ಕಿರಿಬೆರಳಷ್ಟ್ರಿ."

"ಕೆಂಪ ಇದ್ದಾಗ ಇಟ್ರೋ, ಆರಿದ ಮ್ಯಾಲೋ?"

"ಮದಲಿನ ಎರಡಕ್ಕ ಕೆಂಪ ಇಳದಿತ್ರಿ. ಮೂರನೇದಕ್ಕ..." ಅವನು ತಡೆದ. "ಮೂರನೇದಕ್ಕ ಕೆಂಪ ಇತ್ರಿ. ಎರಡರಿಂದ ಗುಣ ಕಂಡಿರಲಿಲ್ಲ ಅಂತ."

"ಎಷ್ಟ ಹೊತ್ತ ಹಿಡದ್ರಿ?"

"ಮೂರ ಎಣಸೂತನಕ."

"ಮೂರಕ್ಕೂ?"

"ಹೂಂ ರೀ."

"ಕಡೀದಕ್ಕ ಐದು," ಅಂದಳು ಲಗಮವ್ವ. "ನಾ ಎಣಿಸೀನಿ."

ಕೋಣೆಯಲ್ಲಿ ಎಲ್ಲೋ ಒಂದು ಪಂಪು ಗುಂಯ್ ಎನ್ನುತ್ತಿತ್ತು. ಮಾಳಿಂಗರಾಯ ಮೊಣಕಾಲಿನ ಮೇಲೆ ಬೆರಳು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿದ.

"ಐದರಿ," ಅಂದ. "ಐದು ಬರಕೋರಿ."

ಡಾಕ್ಟರು ಬರೆದುಕೊಂಡರು. ಮೇಲಿನ ಎರಡು ಚರ್ಮದ ಮಟ್ಟಿಗೇ ಇವೆ, ಮೂರನೆಯದು ಆಳಕ್ಕೆ ಹೋಗಿದೆ ಎಂದರು. ಒಂದೊಂದು ಗುರುತಿನ ಮೇಲೂ ಬಿಸಿ ಅಳೆಯುವ ಗಾಜಿನ ಎಳೆ ಅಂಟಿಸುವುದು, ಮೂರನೆಯದಕ್ಕೆ ಇನ್ನೊಂದು ತಣ್ಣೀರಿನ ಚೀಲ ಇಡುವುದು, ನಿಧಾನಕ್ಕೆ ಕಾಯಿಸುವುದು ಎಂದು ತೀರ್ಮಾನವಾಗಿತ್ತು.

"ಯಾವದರೆ ಗುರುತಿನ ಮ್ಯಾಲ ಬಿಸಿ ನಲವತ್ಮೂರ ಡಿಗ್ರಿ ಮುಟ್ಟಿತಂದ್ರ ಬಂದ್ ಮಾಡತೀವಿ. ಹಂಗ ಆದ್ರ ಬಿಸಿ ಬ್ಯಾಡ, ಮುಂದ ಬರೇ ಕರೆಂಟು. ಮುಟ್ಟಲಿಲ್ಲಂದ್ರ ಐದೂ ವಾರ ಕೊಡೂನು. ಅವ್ವಾರ, ಒಪ್ಪಿಗಿ ಐತೇನ್ರಿ?"

ಲಗಮವ್ವ ಗೋಣು ಹಾಕಿದಳು.

ಎಳೆ ಅಂಟಿಸುವಾಗ ಮಾದೇವಿಗೆ ಗುರುತಿನ ಅಂಚು ಎಲ್ಲಿ ಮುಗಿಯುತ್ತದೆಂದು ತಿಳಿಯಲಿಲ್ಲ. ಮಾಳಿಂಗರಾಯ ಉಗುರಿನಿಂದ ಸುತ್ತ ಒಂದು ಗೆರೆ ತೋರಿಸಿದ. ಈ ಸಲ ಬೆರಳು ತಾಕಿತು.

ಹಾಸಿಗೆ ರಿಂಗಿನೊಳಗೆ ಸರಿಯಿತು. ನೀರಿನ ಚೀಲ ಉಬ್ಬಿ ಅವಳ ಸೊಂಟವನ್ನು ಸುತ್ತುವರಿಯಿತು. ಮಾದೇವಿ ಬಾಗಿಲು ಹಾಕಿ ಗಾಜಿನ ಈಚೆಯ ಕೋಣೆಗೆ ಬಂದಳು. ಅಲ್ಲಿ ಒಂದು ಪರದೆಯ ಮೇಲೆ ನಾಲ್ಕು ಅಂಕಿ ಇದ್ದವು. ಮೇಲಿನದು ಒಳಗಿನ ಗಂಟಿನದು, ಕೆಳಗಿನ ಮೂರು ಬರೆಗಳವು ಎಂದು ತೋರಿಸಿ, ಮಾಳಿಂಗರಾಯನಿಗೆ ಸ್ಟೂಲು ಸರಿಸಿದಳು. ಅವನಿಗೆ ಅಕ್ಷರ ಅಷ್ಟಕ್ಕಷ್ಟೆ, ಆದರೆ ಬಸ್ಸಿನ ನಂಬರು ನೋಡಿ ನೋಡಿ ಅಂಕಿ ಬರುತ್ತಿದ್ದವು.

ಮೊದಲ ಕಾಲು ತಾಸು ಏನೂ ಆಗಲಿಲ್ಲ. ಆಮೇಲೆ ಅಂಕಿಗಳು ಒಂದೊಂದೇ ಏಳತೊಡಗಿದವು. ಒಳಗಿನದು ನಲವತ್ತಕ್ಕೆ ಬಂತು. ಮೇಲಿನ ಎರಡು ಬರೆ ಮೂವತ್ತೆಂಟರ ಹತ್ತಿರ ಆಡುತ್ತಿದ್ದವು. ಮೂರನೆಯದು ಅವುಗಳನ್ನು ಬಿಟ್ಟು ಮುಂದೆ ಹೋಯಿತು. ನಲವತ್ತು ದಾಟಿತು. ನಲವತ್ತೊಂದು ದಾಟಿತು. ಗೋಡೆಯ ಸ್ಪೀಕರಿನಲ್ಲಿ ಲಗಮವ್ವನ ಉಸಿರು ಮಾತ್ರ ಕೇಳುತ್ತಿತ್ತು.

"ಯವ್ವಾ, ಎಲ್ಲೆರೆ ಬಿಸಿ ಚುಚ್ಚಾಕತ್ತೈತೇನು?" ಮಾದೇವಿ ಮೈಕಿನ ಗುಂಡಿ ಒತ್ತಿ ಕೇಳಿದಳು.

"ಒಳಗ ಬೆಚ್ಚಗಾಗೈತಿ. ಬ್ಯಾರೆ ಏನಿಲ್ಲ."

ಮೂರನೆಯದು ನಲವತ್ತೆರಡೂವರೆಗೆ ಬಂತು. ಮಾಳಿಂಗರಾಯ ಸ್ಟೂಲಿನ ಅಂಚಿಗೆ ಸರಿದ. ಪಾಯಿಂಟ್ ಆರಾಯಿತು, ಪಾಯಿಂಟ್ ಏಳಾಯಿತು. ಎಂಟಾದಾಗ ಮಶೀನು ಒಂದು ಸಣ್ಣ ಸದ್ದು ಮಾಡಿತು. ಮಾದೇವಿ ಒಂದು ಗುಂಡಿಯನ್ನು ಎಡಕ್ಕೆ ತಿರುಗಿಸಿದಳು, ಇನ್ನೊಂದನ್ನು ಒತ್ತಿ ನೀರು ಜೋರು ಮಾಡಿದಳು. ಅಂಕಿ ಅಲ್ಲೇ ನಿಂತಿತು. ಏರಲಿಲ್ಲ, ಇಳಿಯಲೂ ಇಲ್ಲ.

"ಯಾಕ ಕಡಿಮಿ ಮಾಡಿದ್ರಿ?" ಲಗಮವ್ವನ ದನಿ ಬಂತು. "ನನಗೇನೂ ಆಗಿಲ್ಲ. ಇನ್ನೂ ಕಾಯಲಿ."

ಮಾದೇವಿ ಪರದೆಯಿಂದ ಕಣ್ಣು ತೆಗೆಯದೆ, ಮೈಕಿನ ಗುಂಡಿ ಒತ್ತಿಹಿಡಿದು, ನೀವೇ ಹೇಳಿರೆಂದು ಮಾಳಿಂಗರಾಯನಿಗೆ ಸನ್ನೆ ಮಾಡಿದಳು. ಅವನು ಬಾಗಿ ಬಾಯಿ ಹತ್ತಿರ ತಂದ.

"ಮೂರನೇದು," ಅಂದ. "ನಲವತ್ತೆರಡ ಪಾಯಿಂಟ ಎಂಟ ಆಗೇತಿ."

ಸ್ಪೀಕರಿನಲ್ಲಿ ಉಸಿರು ಒಂದು ಸಲ ನಿಂತು, ಮತ್ತೆ ಶುರುವಾಯಿತು. ಗಾಜಿನಾಚೆ ಅವಳ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಬೆರಳಲ್ಲಿ ಕಾಲುಂಗುರ ಇದ್ದ ಜಾಗ ಬಿಳಿಚಿತ್ತು.

"ಈಗ?" ಅಂದಳು.

"ಎಂಟ ಐತಿ."

ನೀರಿನ ಚೀಲದ ಮೇಲೆ ಸಣ್ಣಗೆ ಅಲೆ ಓಡುತ್ತಿತ್ತು.

"ಈಗ ಹೇಳ್ರಿ."

"ಏಳು," ಅಂದ ಮಾಳಿಂಗರಾಯ.

"ಈಗ?"

ಅವನು ಅಂಕಿ ಬದಲಾಗುವವರೆಗೂ ಕಾದ.

"ಆರು."